ನಲ್ಲಿ ಕಿತ್ತು ಬಂದಿದೆ, ಬೇಗ ಬಾ

ನನ್ನ ಫೋನಿನಲ್ಲಿ ‘ಕರೆಂಟ್ ಬಿಲ್’ ಅನ್ನುವ ಹೆಸರಿನ ಒಂದು ನೋಟ್ ಇದೆ. ಒಳಗೆ ಬಿಲ್ ಬಿಟ್ಟು ಬೇರೆ ಎಲ್ಲ ಇದೆ. ಬೇರೆಯವರ ಕರೆಂಟ್ ಬಿಲ್ಲನ್ನು ತೆರೆದು ನೋಡುವಷ್ಟು ಕುತೂಹಲ ಈ ಲೋಕದಲ್ಲಿ ಯಾರಿಗೂ ಇಲ್ಲ ಅನ್ನೋದು ನನ್ನ ನಂಬಿಕೆ, ಅದಕ್ಕೇ ಆ ಹೆಸರು. ಅದರಲ್ಲಿ ಒಂದರಿಂದ ಹನ್ನೊಂದರವರೆಗೆ ನಂಬರ್ ಹಾಕಿದ ಪಟ್ಟಿ ಇದೆ. ಎರಡು ವರ್ಷದಲ್ಲಿ ನಾನು ಡೇಟ್ ಅಂತ ಹೋಗಿ ಭೇಟಿಯಾದ ಗಂಡಸರು. ನಿಜವಾದ ಹೆಸರು ಬರೆದಿಲ್ಲ, ಅಡ್ಡಹೆಸರು ಮಾತ್ರ. ಗುಂಪು ಫೋಟೋ. ಉಪನ್ಯಾಸ. ಪ್ರಶ್ನೆಪತ್ರಿಕೆ. ಹಗ್ಗ. ಹೀಗೆ.

ನನಗೆ ವಯಸ್ಸು ಮೂವತ್ತನಾಲ್ಕು. ನಗರದಲ್ಲಿ ಒಬ್ಬಳೇ ಇದ್ದೇನೆ. ಕೆಲಸ ಇದೆ, ಬಾಡಿಗೆ ಮನೆ ಇದೆ, ಎರಡು ಗಿಡ ಇದ್ದವು, ಈಗ ಒಂದಿದೆ. ಅಮ್ಮನ ಹತ್ತಿರ ಒಂದು ದಿನ ಬಾಯಿತಪ್ಪಿ ಈ ಪಟ್ಟಿಯ ವಿಷಯ ಹೇಳಿಬಿಟ್ಟೆ.

“ಹನ್ನೊಂದು ಜನಾನಾ? ನಾನು ತರಕಾರಿಯನ್ನೂ ಇಷ್ಟು ಆರಿಸಲ್ಲ ಕಣೇ” ಅಂದಳು.

“ತರಕಾರಿಯಲ್ಲೂ ಹುಳ ಇರುತ್ತಮ್ಮಾ” ಅಂದೆ.

“ಹುಳ ಕತ್ತರಿಸಿದ ಮೇಲೆ ತಾನೇ ಗೊತ್ತಾಗೋದು? ನೀನು ಬುಟ್ಟಿಗೇ ಹಾಕ್ಕೊಳ್ತಾ ಇಲ್ಲವಲ್ಲ.”

ಅಮ್ಮನ ಮಾತಿಗೆ ಎದುರು ಮಾತು ಹುಡುಕೋದನ್ನು ನಾನು ಯಾವತ್ತೋ ಬಿಟ್ಟಿದ್ದೇನೆ.

ಶುರುವಾಗಿದ್ದು ಪ್ರೊಫೈಲ್‌ನಿಂದ. ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯಿರಿ ಅಂತ ಡೇಟಿಂಗ್ ಆ್ಯಪ್ ಕೇಳಿತು. ಕೆಲಸದ ಅರ್ಜಿ ಬರೆದು ಗೊತ್ತು, ರಜೆ ಚೀಟಿ ಬರೆದು ಗೊತ್ತು. ನನ್ನನ್ನು ಯಾರಾದರೂ ಇಷ್ಟಪಡಲಿ ಅಂತ ನಾನೇ ಬರೆದುಕೊಳ್ಳೋದು ಹೇಗೆ? ಮೊದಲ ಸಲ ಬರೆದಿದ್ದನ್ನು ಗೆಳತಿಗೆ ತೋರಿಸಿದೆ. ಓದಿ, “ಇದು ಪ್ರೊಫೈಲ್ ಅಲ್ಲ ಕಣೇ, ಮನೆ ಬಾಡಿಗೆ ಕರಾರು” ಅಂದಳು. ನಾನು ವಾಕ್ಯಗಳನ್ನು ಪೂರ್ತಿ ಬರೆಯುತ್ತೇನೆ. ಚಾಟ್‌ನಲ್ಲೂ ಪೂರ್ಣವಿರಾಮ ಹಾಕುತ್ತೇನೆ. ಇದೊಂದು ರೋಗ ಅಂತ ಅವಳ ಅಭಿಪ್ರಾಯ. ಎರಡನೇ ಸಲ ಸ್ವಲ್ಪ ನಗು ಸೇರಿಸಿ ಬರೆದೆ. ಅದನ್ನು ಓದಿ ಅವಳು ಏನೂ ಹೇಳಲಿಲ್ಲ, ಫೋನ್ ಕಿತ್ತುಕೊಂಡು ತಾನೇ ಬರೆದಳು. ಹಾಗಾಗಿ ನನ್ನ ಬಗ್ಗೆ ಅಲ್ಲಿರುವ ಒಂದೇ ಒಂದು ಚಂದದ ಸಾಲು ನನ್ನದಲ್ಲ.

ಗಂಡಸರದ್ದೇನೂ ಕಮ್ಮಿ ಇಲ್ಲ ಬಿಡಿ. ಹತ್ತರಲ್ಲಿ ಎಂಟು ಜನಕ್ಕೆ ಪ್ರಯಾಣ ಇಷ್ಟ. ಇವರೆಲ್ಲ ಯಾವಾಗಲೂ ಪ್ರಯಾಣದಲ್ಲೇ ಇದ್ದರೆ ನಮ್ಮ ಆಫೀಸಿನ ಲಿಫ್ಟ್ ಹತ್ತಿರ ದಿನಾ ಕ್ಯೂ ನಿಲ್ಲೋರು ಯಾರು? ಕೆಲವರು ‘ಕೇಳಿ, ಹೇಳ್ತೀನಿ’ ಅಂತಷ್ಟೇ ಬರೆದಿರುತ್ತಾರೆ, ದೇವರ ಹಾಗೆ. ಇನ್ನು ಕೆಲವರು ತಮ್ಮ ಬಗ್ಗೆ ಒಂದಕ್ಷರ ಹೇಳದೆ, ಬರುವವಳು ಹೇಗಿರಬೇಕು ಅನ್ನೋದನ್ನು ಮಾತ್ರ ಉದ್ದಕ್ಕೆ ಬರೆದಿರುತ್ತಾರೆ. ಇದು ಈ ಕಾಲದ ಚಾಳಿ ಅಂದುಕೊಂಡಿದ್ದೆ. ಅಲ್ಲ. 1695ರಲ್ಲೇ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಸುಮಾರು ಮೂವತ್ತರ ಪ್ರಾಯದ ಒಬ್ಬ ಮಹಾನುಭಾವ ಜಾಹೀರಾತು ಕೊಟ್ಟಿದ್ದ. ತನಗೆ ಒಳ್ಳೆ ಆಸ್ತಿ ಇದೆ, 3000 ಪೌಂಡಿನ ಆಸುಪಾಸು ಸಂಪತ್ತು ಇರುವ ತರುಣಿ ಬೇಕು ಅಂತ. ಪ್ರಯಾಣ ಇಷ್ಟ ಅಂತ ಬರೆದಿರಲಿಲ್ಲ, ಅದೊಂದು ಪುಣ್ಯ.

ಫೋಟೋ ಎಡಕ್ಕೆ ತಳ್ಳಿದರೆ ಬೇಡ, ಬಲಕ್ಕೆ ತಳ್ಳಿದರೆ ಬೇಕು ಅನ್ನುವ ಆಟವನ್ನು ಮನೆಮಾತು ಮಾಡಿದ್ದು 2012ರಲ್ಲಿ ಬಂದ ಟಿಂಡರ್. ಈಗ ಬೇರೆ ಆ್ಯಪ್‌ಗಳಲ್ಲೂ ಅದೇ ಬೆರಳ ಕೆಲಸ. ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಒಂದು ವಿಷಯ ತೋರಿಸಿದ್ದರು. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಬಂದರೆ ಹಕ್ಕಿ ಬೇಕಾದಾಗ ಬಂದು ಕುಕ್ಕುತ್ತದೆ. ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಹಾಗೆ, ಒಮ್ಮೊಮ್ಮೆ ಮಾತ್ರ ಬಂದರೆ, ಬಿಡದೆ ಕುಕ್ಕುತ್ತಲೇ ಇರುತ್ತದೆ. ರಾತ್ರಿ ಹನ್ನೊಂದೂವರೆಗೆ ಹಲ್ಲುಜ್ಜುತ್ತಾ, ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಗಂಡಸರನ್ನು ಎಡಕ್ಕೆ ತಳ್ಳುತ್ತಾ ಕನ್ನಡಿಯಲ್ಲಿ ನನ್ನನ್ನೇ ನೋಡಿಕೊಂಡಾಗ, ಆ ಪಾರಿವಾಳದ ಜೊತೆ ನನಗೆ ಏನೋ ನೆಂಟಸ್ತಿಕೆ ಇದೆ ಅನಿಸಿದ್ದು ಸುಳ್ಳಲ್ಲ.

ಆಮೇಲೆ ಮೊದಲ ಮಾತಿನ ಸಮಸ್ಯೆ. ಗಂಡಸರ ಮೊದಲ ಮಾತು ಎರಡೇ ಬಗೆ. ‘ಹಾಯ್’, ಇಲ್ಲವಾದರೆ ‘ಊಟ ಆಯ್ತಾ’. ಬೆಳಗ್ಗೆ ಒಂಬತ್ತಕ್ಕೂ ಊಟ ಆಯ್ತಾ. ಬೇಡಪ್ಪ ಅಂತ ನಾನು ಸೇರಿದ್ದು ಹೆಂಗಸರೇ ಮೊದಲು ಮಾತಾಡಬೇಕು ಅನ್ನುವ ಆ್ಯಪ್‌ಗೆ. ಈ ನಿಯಮವನ್ನು ಹೆಸರುವಾಸಿ ಮಾಡಿದ್ದು 2014ರಲ್ಲಿ ಶುರುವಾದ ಬಂಬಲ್. 2024ರಲ್ಲಿ ಅವರೂ ಅದನ್ನು ಸಡಿಲ ಮಾಡಿ, ಹೆಂಗಸು ಮೊದಲೇ ಒಂದು ಪ್ರಶ್ನೆ ಹಾಕಿಟ್ಟರೆ ಗಂಡಸು ಅದಕ್ಕೆ ಉತ್ತರ ಕೊಟ್ಟು ಮಾತು ಶುರು ಮಾಡಬಹುದು ಅಂತ ತಂದರು. ಯಾಕೆ ಸಡಿಲ ಮಾಡಿರಬಹುದು ಅಂತ ನನಗೆ ಅಂದಾಜಿದೆ. ಅಧಿಕಾರ ಸಿಕ್ಕಿತು ಅಂತ ಕುಣಿದಾಡಿದ ಒಂದು ವಾರಕ್ಕೆ, ನನಗೆ ಸಿಕ್ಕಿದ್ದು ಅಧಿಕಾರ ಅಲ್ಲ, ಇನ್ನೊಂದು ಕೆಲಸ ಅಂತ ಗೊತ್ತಾಯಿತು. ದಿನಾ ಸಂಜೆ ಐದಾರು ಜನಕ್ಕೆ ಹೊಸದೇನಾದರೂ ಬರೆಯಬೇಕು. ನಾನು ಬರೆದ ಮೊದಲ ಸಂದೇಶ ಈಗಲೂ ನೆನಪಿದೆ: ‘ನಮಸ್ಕಾರ. ನಿಮ್ಮ ಮೂರನೇ ಫೋಟೋದಲ್ಲಿ ಹಿಂದೆ ಕಾಣುತ್ತಿರುವ ಪುಸ್ತಕ ಯಾವುದು ಎಂದು ತಿಳಿಸಿ.’ ಉತ್ತರ ಬರಲಿಲ್ಲ. ಸಂದೇಶ ಚೆನ್ನಾಗಿದೆ ಅಂತ ನನಗೆ ಅನಿಸಿದ್ದರಿಂದ ಅದನ್ನೇ ಇನ್ನೂ ನಾಲ್ಕೈದು ಜನಕ್ಕೆ ಕಳಿಸಿದೆ. ಒಬ್ಬರ ಫೋಟೋದಲ್ಲಿ ಪುಸ್ತಕವೇ ಇರಲಿಲ್ಲ.

ಆದರೂ ಮೊದಲು ಮಾತಾಡೋದೇ ಮೇಲು ಅಂತ ಗಣಿತ ಹೇಳುತ್ತದೆ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಅನ್ನುವ ಇಬ್ಬರು 1962ರಲ್ಲಿ ಒಂದು ಲೆಕ್ಕ ಬಿಡಿಸಿದರು. ಇಷ್ಟು ಗಂಡಸರು, ಇಷ್ಟು ಹೆಂಗಸರು, ಎಲ್ಲರ ಹತ್ತಿರವೂ ಯಾರು ಮೊದಲು, ಯಾರು ಆಮೇಲೆ ಅನ್ನುವ ಪಟ್ಟಿ. ಮದುವೆಯಾದ ಮೇಲೆ ಯಾರೂ ತಮ್ಮ ಜೋಡಿ ಬಿಟ್ಟು ಇನ್ನೊಬ್ಬರ ಜೊತೆ ಓಡಿಹೋಗದ ಹಾಗೆ ಎಲ್ಲರನ್ನೂ ಜೋಡಿ ಮಾಡಬಹುದಾ? ಮಾಡಬಹುದು. ಒಂದು ಕಡೆಯವರು ಹೋಗಿ ಕೇಳಬೇಕು, ಇನ್ನೊಂದು ಕಡೆಯವರು ಬಂದವರಲ್ಲಿ ಮೇಲಾದವರನ್ನು ಇಟ್ಟುಕೊಂಡು ಉಳಿದವರನ್ನು ಕಳಿಸಬೇಕು. ಇದರಲ್ಲಿ ಮಜಾ ಏನಂದರೆ, ಕೇಳುವ ಕಡೆಯವರಿಗೆ ಸಿಗಬಹುದಾದದ್ದರಲ್ಲಿ ಒಳ್ಳೆಯದು ಸಿಗುತ್ತದೆ. ಕೂತು ಆರಿಸುವ ಕಡೆಯವರು, ತಾವೇ ರಾಣಿಯರು ಅಂದುಕೊಂಡರೂ, ಕೊನೆಗೆ ಅವರ ಪಾಲಿಗೆ ಬರೋದು ಇದ್ದದ್ದರಲ್ಲಿ ಕೆಳಗಿನದು. ಶಾಪ್ಲಿಯವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನನಗೆ ‘ಪುಸ್ತಕದ ಹೆಸರು ಗೊತ್ತಿಲ್ಲ, ಊಟ ಆಯ್ತಾ’ ಅಂತ ಬಂತು.

ಚಾಟ್ ದಾಟಿ ಹೊರಗೆ ಭೇಟಿಯಾಗುವ ಹಂತಕ್ಕೆ ಬಂದರೆ ಅದರದ್ದೇ ಒಂದು ತಯಾರಿ. ಜಾಗ ನಾನೇ ಹೇಳಬೇಕು, ಅಲ್ಲಿ ಜನ ಇರಬೇಕು. ಗೆಳತಿಗೆ ಲೊಕೇಶನ್ ಕಳಿಸಬೇಕು. ಬರೋದು ಹೋಗೋದು ನನ್ನ ಕ್ಯಾಬ್‌ನಲ್ಲೇ. ಮನೆವರೆಗೆ ಬಿಡ್ತೀನಿ ಅಂದರೆ ನಕ್ಕು ಬೇಡ ಅನ್ನಬೇಕು, ಜಾಸ್ತಿ ನಗಬಾರದು. ಲೋಟ ಮೇಜಿನ ಮೇಲೆ ಬಿಟ್ಟು ಎದ್ದು ಹೋಗಬಾರದು. ಗಂಡಸರು ಡೇಟಿಗೆ ಮುಂಚೆ ಶರ್ಟ್ ಇಸ್ತ್ರಿ ಮಾಡಿಕೊಳ್ಳುತ್ತಾರೆ. ನಾವು ಇಸ್ತ್ರಿನೂ ಮಾಡಿಕೊಂಡು, ಓಡಿಹೋಗುವ ದಾರಿನೂ ನೋಡಿಕೊಂಡು ಕೂರುತ್ತೇವೆ. ಇದನ್ನು ಒಬ್ಬ ಗಂಡಸಿಗೆ ಹೇಳಿದಾಗ ಅವನಿಗೆ ನಿಜಕ್ಕೂ ಆಶ್ಚರ್ಯ ಆಯಿತು. ನನಗೆ ಅವನ ಆಶ್ಚರ್ಯ ನೋಡಿ ಆಶ್ಚರ್ಯ ಆಯಿತು.

ನಮ್ಮ ವ್ಯವಸ್ಥೆಯ ಮುಖ್ಯ ಭಾಗ ನಲವತ್ತನೇ ನಿಮಿಷದ ಫೋನ್. ಸರಿಯಾಗಿ ನಲವತ್ತು ನಿಮಿಷಕ್ಕೆ ಗೆಳತಿ ಫೋನ್ ಮಾಡುತ್ತಾಳೆ. “ಲೇ, ಮನೆಯಲ್ಲಿ ನಲ್ಲಿ ಕಿತ್ತು ಬಂದಿದೆ, ಬೇಗ ಬಾ” ಅನ್ನುತ್ತಾಳೆ. ಡೇಟ್ ಚೆನ್ನಾಗಿಲ್ಲದಿದ್ದರೆ “ಅಯ್ಯೋ, ಬಂದೆ” ಅಂತ ಏಳಬೇಕು. ಚೆನ್ನಾಗಿದ್ದರೆ “ಪ್ಲಂಬರ್‌ಗೆ ಹೇಳು” ಅಂತ ಇಡಬೇಕು. ಕೇಳೋಕೆ ಸುಲಭ.

ನಂಬರ್ ಒಂದು, ಗುಂಪು ಫೋಟೋ. ಅವನ ಎಲ್ಲ ಫೋಟೋದಲ್ಲೂ ಐದು ಜನ ಇದ್ದರು. ಬಂದವನು ನಾನು ಅಂದುಕೊಂಡವನಾಗಿರಲಿಲ್ಲ. ಅಷ್ಟೇ, ಅವನ ತಪ್ಪೇನೂ ಇಲ್ಲ.

ನಂಬರ್ ಎರಡು, ಉಪನ್ಯಾಸ. ಇವನಿಗೆ ಎಲ್ಲ ವಿಷಯ ಗೊತ್ತಿತ್ತು, ನನ್ನ ಕೆಲಸದ ವಿಷಯವೂ ನನಗಿಂತ ಜಾಸ್ತಿ ಗೊತ್ತಿತ್ತು. ನಲವತ್ತನೇ ನಿಮಿಷಕ್ಕೆ ಫೋನ್ ಬಂದಾಗ ಗೆಳತಿಯ ಧ್ವನಿ ದೇವವಾಣಿಯ ಹಾಗೆ ಕೇಳಿಸಿತು. ಎದ್ದು, ಬ್ಯಾಗ್ ಹೆಗಲಿಗೆ ಹಾಕಿಕೊಂಡು, ನಲ್ಲಿ ಕಿತ್ತು ಬಂದಿದೆಯಂತೆ ಅಂದೆ. ಅವನ ಮುಖ ಅರಳಿತು. “ಕೂತ್ಕೊಳ್ಳಿ, ಕೂತ್ಕೊಳ್ಳಿ. ಮೊದಲು ಮೇನ್ ವಾಲ್ವ್ ಎಲ್ಲಿದೆ ಹೇಳಿ” ಅಂದ. ಇನ್ನೂ ಇಪ್ಪತ್ತು ನಿಮಿಷ ವಾಷರ್ ಬಗ್ಗೆ ಕೇಳಿದೆ. ಆಮೇಲೆ ತಾನೇ ಬಂದು ಸರಿ ಮಾಡಿಕೊಡುತ್ತೇನೆ ಅಂತ ಹೊರಟು ನಿಂತ. ಅವನನ್ನು ತಪ್ಪಿಸಿಕೊಳ್ಳೋಕೆ ಇಲ್ಲದ ಪ್ಲಂಬರ್‌ನನ್ನು ಫೋನಿನಲ್ಲೇ ಹುಟ್ಟಿಸಬೇಕಾಯಿತು. ಒಂದು ಮಾತು ಒಪ್ಪಿಕೊಳ್ಳಬೇಕು, ಆರು ತಿಂಗಳ ಮೇಲೆ ಅಡುಗೆಮನೆಯ ನಲ್ಲಿ ನಿಜಕ್ಕೂ ಸೋರಿದಾಗ ಅವನು ಹೇಳಿದ ಹಾಗೇ ವಾಷರ್ ಬದಲಿಸಿದೆ. ನಿಂತಿತು.

ನಂಬರ್ ಮೂರು, ಪ್ರಶ್ನೆಪತ್ರಿಕೆ. ಇವನು ಬರುವಾಗ ಒಂದು ಪ್ಲಾಸ್ಟಿಕ್ ಫೈಲ್ ಹಿಡಿದುಕೊಂಡು ಬಂದ. ಒಳಗೆ ಪ್ರಿಂಟ್ ತೆಗೆದ 36 ಪ್ರಶ್ನೆಗಳು. ಇದರ ಹಿಂದೆ ಒಂದು ಕಥೆ ಇದೆ. ಆರ್ಥರ್ ಆರನ್ ಅನ್ನುವ ಮನೋವಿಜ್ಞಾನಿ ಮತ್ತು ಜೊತೆಯವರು 1997ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಗುರುತಿಲ್ಲದ ಇಬ್ಬರನ್ನು 45 ನಿಮಿಷ ಕೂರಿಸಿ, ಹಗುರದ್ದರಿಂದ ಶುರು ಮಾಡಿ ಮೆಲ್ಲಗೆ ಮನಸ್ಸಿನ ಆಳಕ್ಕೆ ಇಳಿಯುವ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳುವ ಹಾಗೆ ಮಾಡಿದರು. ಸುಮ್ಮನೆ ಹರಟಿದವರಿಗಿಂತ ಇವರಿಗೆ ಹತ್ತಿರದ ಭಾವನೆ ಜಾಸ್ತಿ ಬಂದಿತ್ತು. ಅವರು ನೋಡಿದ್ದು ಆಪ್ತತೆಯನ್ನು, ಪ್ರೇಮವನ್ನಲ್ಲ. ಎಷ್ಟೋ ವರ್ಷದ ಮೇಲೆ ಅದು ‘ಪ್ರೀತಿ ಹುಟ್ಟಿಸುವ 36 ಪ್ರಶ್ನೆ’ ಅಂತ ಜನರ ಬಾಯಿಗೆ ಬಿತ್ತು. ಬಿದ್ದು ಉರುಳಿ ಉರುಳಿ ನನ್ನ ಮೇಜಿಗೂ ಬಂತು.

ಏಳನೇ ಪ್ರಶ್ನೆ ಏನು ಗೊತ್ತಾ? ನೀವು ಹೇಗೆ ಸಾಯ್ತೀರಿ ಅಂತ ಒಳಗೊಳಗೇ ಏನಾದರೂ ಅನಿಸಿದೆಯಾ? ಇನ್ನೂ ಕಾಫಿ ಬಂದಿರಲಿಲ್ಲ. ಅವನು ಪೆನ್ ಹಿಡಿದು ನನ್ನ ಸಾವಿಗೆ ಕಾಯುತ್ತಾ ಕೂತಿದ್ದ. “ಈಗಿನ ಅಂದಾಜು ಹೇಳ್ಲಾ, ಮೊದಲಿಂದ ಇದ್ದ ಅಂದಾಜು ಹೇಳ್ಲಾ?” ಅಂದೆ. ಅದನ್ನೂ ಬರೆದುಕೊಂಡ. ಆ 45 ನಿಮಿಷದ ಪ್ರಯೋಗ ನಮ್ಮ ಕೈಯಲ್ಲಿ ಎರಡು ಗಂಟೆ ಆಯಿತು, ಯಾಕೆಂದರೆ ಅವತ್ತು ಗೆಳತಿ ಮೀಟಿಂಗ್‌ನಲ್ಲಿ ಸಿಕ್ಕಿಹಾಕಿಕೊಂಡು ಫೋನ್ ಮಾಡೋದನ್ನೇ ಮರೆತಿದ್ದಳು. ಕೊನೆಗೆ ನಾಲ್ಕು ನಿಮಿಷ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಅಂದ. ನೋಡಿದೆ. ಎರಡನೇ ನಿಮಿಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ತಪ್ಪು ತಿಳಿದುಕೊಂಡ.

ನಂಬರ್ ನಾಲ್ಕು, ಹಗ್ಗ. ಕಾಫಿ ಎಲ್ಲ ಹಳೆಯದಾಯ್ತು, ಗೋಡೆ ಹತ್ತೋಣ ಅಂದ. ಸೊಂಟಕ್ಕೆ ಹಗ್ಗ ಕಟ್ಟಿ, ಗೋಡೆಗೆ ಸಿಕ್ಕಿಸಿದ ಬಣ್ಣದ ಕಲ್ಲುಗಳನ್ನು ಹಿಡಿದು ಮೇಲೆ ಹೋಗುವ ಆಟ. ಅರ್ಧಕ್ಕೆ ಹೋಗಿ, ಕೆಳಗೆ ನೋಡಿ, ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡೆ. ಕೆಳಗಿಂದ ಅವನು, “ಎದೆ ಜೋರಾಗಿ ಹೊಡ್ಕೊಳ್ತಾ ಇದೆಯಾ?” ಅಂತ ಖುಷಿಯಿಂದ ಕೂಗಿದ. ಆಮೇಲೆ ಗೊತ್ತಾಯಿತು, ಅವನೂ ಒಂದು ಪ್ರಯೋಗ ಓದಿಕೊಂಡು ಬಂದಿದ್ದ. 1974ರದ್ದು. ಕೆನಡಾದಲ್ಲಿ, ವ್ಯಾಂಕೂವರ್ ಹತ್ತಿರ ಎತ್ತರದಲ್ಲಿ ತೂಗಾಡುವ ಒಂದು ಸೇತುವೆ ಇದೆ. ಅದರ ಮೇಲೆ ಗಂಡಸರನ್ನು ನಿಲ್ಲಿಸಿ ಒಬ್ಬ ಯುವತಿ ಏನೋ ಪ್ರಶ್ನೆ ಕೇಳಿ, ತನ್ನ ಫೋನ್ ನಂಬರ್ ಕೊಟ್ಟಳು. ಅಲುಗಾಡದ ಗಟ್ಟಿ ಸೇತುವೆಯ ಮೇಲೆ ಸಿಕ್ಕವರಿಗಿಂತ ತೂಗುಸೇತುವೆಯ ಮೇಲೆ ಸಿಕ್ಕವರೇ ಆಮೇಲೆ ಜಾಸ್ತಿ ಫೋನ್ ಮಾಡಿದರು. ಭಯದ ಎದೆಬಡಿತವನ್ನು ಆಕರ್ಷಣೆ ಅಂದುಕೊಂಡರು ಅನ್ನೋದು ವಿವರಣೆ. ಆ ಪ್ರಯೋಗ ಮಾಡಿದ ಇಬ್ಬರಲ್ಲೊಬ್ಬರೂ ಅದೇ ಆರ್ಥರ್ ಆರನ್! ಪಾಪ, ಅವರು ತಮ್ಮ ಪಾಡಿಗೆ ಸಂಶೋಧನೆ ಮಾಡಿಕೊಂಡಿದ್ದರು, ಮುಂದೆ ಯಾರು ಯಾರನ್ನು ಗೋಡೆ ಹತ್ತಿಸುತ್ತಾರೆ ಅಂತ ಅವರಿಗೇನು ಗೊತ್ತು. ನನಗೆ ಆ ಗೋಡೆಯ ಮೇಲೆ ಪ್ರೀತಿ ಹುಟ್ಟಿದ್ದು ನಿಜ. ಹಗ್ಗದ ಮೇಲೆ.

ನಂಬರ್ ಐದರ ಹೆಸರು ಮಾಜಿ. ಒಳ್ಳೆಯವನು, ನೋಡೋಕೂ ಚೆನ್ನಾಗಿದ್ದ, ಮೊದಲ ನಾಲ್ವರಿಗಿಂತ ಎಲ್ಲದರಲ್ಲೂ ಒಂದು ಕೈ ಮೇಲು. ಕೂತ ಹತ್ತು ನಿಮಿಷಕ್ಕೆ ಹಳೆಯ ಗೆಳತಿಯ ಹೆಸರು ಬಂತು. ಇಪ್ಪತ್ತು ನಿಮಿಷಕ್ಕೆ ಅವಳ ಫೋಟೋ ಬಂತು. ನಲವತ್ತಕ್ಕೆ ನನ್ನ ಫೋನ್ ಬಂದಾಗ ನಾನು “ಈಗ ಆಗಲ್ಲ, ಇಲ್ಲಿ ಒಬ್ಬರು ಅಳ್ತಾ ಇದ್ದಾರೆ” ಅಂತ ಇಟ್ಟೆ. ಯಾಕೆ ಜಗಳ ಆಯ್ತು, ಅವಳು ಏನಂದಳು, ನೀನು ಏನಂದೆ ಅಂತೆಲ್ಲ ಕೇಳಿ, ತಪ್ಪು ನಿನ್ನದೇ, ಹೋಗಿ ಸಾರಿ ಕೇಳು ಅಂದೆ. ಕೇಳಿದ. ಮೂರು ತಿಂಗಳ ಮೇಲೆ ಮದುವೆಗೆ ಕರೆದ. ಹೋಗಿ ಬಂದೆ. ವಧು ನನ್ನ ಕೈ ಹಿಡಿದು “ನಿಮ್ಮ ಬಗ್ಗೆ ತುಂಬಾ ಹೇಳಿದಾರೆ” ಅಂದಳು. ಆ ಮಂಟಪದಲ್ಲಿ ನಾನು ಯಾರ ಕಡೆಯವಳು ಅಂತ ಯಾರೋ ಕೇಳಿದರು. ಎರಡೂ ಕಡೆ ಅಂದೆ.

ಈಗ ಆರು. ಇದನ್ನು ಬರೆಯೋಕೆ ಸ್ವಲ್ಪ ಹಿಂದೆಮುಂದೆ ನೋಡಿದೆ.

ಆರನೆಯವನ ಜೊತೆ ಮಾತು ತಾನಾಗೇ ಹರಿಯಿತು. ಮೌನ ಬಂದಾಗ ಅದನ್ನು ತುಂಬಬೇಕು ಅನಿಸಲಿಲ್ಲ. ನಲವತ್ತನೇ ನಿಮಿಷಕ್ಕೆ ನಲ್ಲಿ ಕಿತ್ತು ಬಂದಿದೆ ಅಂತ ಫೋನ್ ಬಂದಾಗ, ಪ್ಲಂಬರ್ ಅನ್ನುವ ಪದವೇ ಮರೆತುಹೋಗಿ, “ಇರ್ಲಿ ಬಿಡೇ, ಸೋರ್ಲಿ” ಅಂದುಬಿಟ್ಟೆ. ಮನೆಯೊಳಗೆ ನೀರು ನುಗ್ಗಿದರೂ ಕಾಫಿ ಮುಗಿಸಿಯೇ ಏಳುವ ಹೆಂಗಸು ಅಂತ ಅವನು ಕಣ್ಣರಳಿಸಿ ನೋಡಿದ. ಮೂರು ವಾರ, ಐದು ಭೇಟಿ. ಐದನೆಯ ಭೇಟಿ ಆದ ರಾತ್ರಿ ನಾನೇ ಒಂದು ಸಂದೇಶ ಕಳಿಸಿದೆ, ಎರಡೇ ಸಾಲು, ಪೂರ್ಣವಿರಾಮ ಇಲ್ಲದೆ. ಅವನ ಹೆಸರಿನ ಕೆಳಗೆ ‘ಟೈಪಿಂಗ್’ ಅಂತ ಬಂತು. ನಿಂತಿತು. ಮತ್ತೆ ಬಂತು. ನಿಂತಿತು. ಆಮೇಲೆ ಏನೂ ಬರಲಿಲ್ಲ, ಇವತ್ತಿನವರೆಗೂ. ಪಟ್ಟಿಯಲ್ಲಿ ಅವನ ಹೆಸರು ಅದೇ. ಟೈಪಿಂಗ್.

ಹೀಗೆ ಹೇಳದೆ ಕೇಳದೆ ಮಾಯ ಆಗೋದಕ್ಕೆ ಘೋಸ್ಟಿಂಗ್ ಅಂತಾರೆ. ಮೆರಿಯಮ್ ವೆಬ್‌ಸ್ಟರ್ ನಿಘಂಟಿಗೆ ಈ ಅರ್ಥ ಸೇರಿದ್ದು 2017ರಲ್ಲಿ. ದೆವ್ವ ಅನ್ನೋದು ಸರಿಯಾದ ಪದ ಅಲ್ಲ ಅಂತ ನನಗನಿಸುತ್ತದೆ. ದೆವ್ವಗಳು ಕಡೇಪಕ್ಷ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಬ್ಲೂಮಾ ಜೈಗಾರ್ನಿಕ್ ಅನ್ನುವ ಮನೋವಿಜ್ಞಾನಿ 1927ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಜನರ ನೆನಪಿನಲ್ಲಿ ಚೆನ್ನಾಗಿ ಉಳಿಯುತ್ತದೆ ಅಂದಿದ್ದರು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಯಾವಾಗಲೂ ಹಾಗೆ ಬಂದಿಲ್ಲವಂತೆ. ನನ್ನ ಮೇಲೆ ಮಾಡಿದ್ದರೆ ಬರುತ್ತಿತ್ತು. ಎರಡು ತಿಂಗಳು ಆ ಫೋನನ್ನು ಬಚ್ಚಲಿಗೂ ತೆಗೆದುಕೊಂಡು ಹೋಗಿದ್ದೇನೆ. ಗೆಳತಿ ಬೈದಳು, ಅವನಿಗೂ ಬೈದಳು, ಒಂದು ರಾತ್ರಿ ಬಂದು ನನ್ನ ಜೊತೆ ಸುಮ್ನೆ ಕೂತಳು. ಯಾರೋ ಸತ್ತಿದ್ದರೆ ಅಳಬಹುದು, ಮೋಸ ಮಾಡಿದ್ದರೆ ಕಿರುಚಾಡಬಹುದು, ಐದು ಸಲ ಕಾಫಿ ಕುಡಿದವನು ಉತ್ತರ ಕೊಡಲಿಲ್ಲ ಅಂತ ಆಫೀಸಿಗೆ ರಜೆ ಹಾಕೋಕೆ ಆಗುತ್ತಾ?

ಏಳು, ‘ಅಣ್ಣ’: ಬಂದವನು ಫೋಟೋದಲ್ಲಿದ್ದವನ ಅಣ್ಣನ ಹಾಗಿದ್ದ, ಹತ್ತು ವರ್ಷ ಹಿಂದಿನ ಫೋಟೋ. ಒಂಬತ್ತು, ‘ಮುಂದೂಡಿಕೆ’: ಮೂರು ಸಲ ದಿನ ಬದಲಿಸಿ, ನಾಲ್ಕನೇ ಸಲ ಬಂದು, ಕೂತು, ಫೋನ್ ನೋಡಿ ಎದ್ದುಹೋದ. ಹತ್ತು, ‘ಬಾಸ್‌ನ ತಮ್ಮ’: ಹೆಸರೇ ಎಲ್ಲ ಹೇಳುತ್ತದೆ. ಇಬ್ಬರಿಗೂ ಒಂದೇ ಕ್ಷಣಕ್ಕೆ ಗೊತ್ತಾಗಿ, ಇಬ್ಬರೂ ಒಂದೇ ಸಲ ಎದ್ದೆವು.

ಎಂಟನ್ನು ಹಾರಿಸಿದ್ದು ಬೇಕಂತಲೇ. ಎಂಟನೆಯವನು ಸಮಯಕ್ಕೆ ಮುಂಚೆ ಬಂದು ಕೂತಿದ್ದ. ಕೇಳಿದ್ದಕ್ಕೆ ಉತ್ತರ ಕೊಟ್ಟ, ತಾನೂ ಕೇಳಿದ, ನನ್ನ ಮಾತು ಮುಗಿಯುವವರೆಗೆ ಕಾದ. ಏನೂ ತಪ್ಪಿರಲಿಲ್ಲ. ಏನೂ ಆಗಲೂ ಇಲ್ಲ, ನನ್ನೊಳಗೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಸಂದೇಶ ಬಂತು: ‘ಮನೆ ತಲುಪಿದ್ರಾ?’ ನಾಳೆ ಬೆಳಗ್ಗೆ ಸರಿಯಾಗಿ ಯೋಚಿಸಿ, ನೋವಾಗದ ಹಾಗೆ ಬರೆಯೋಣ ಅಂದುಕೊಂಡೆ. ನಾಳೆ ಬಂತು, ನಾಡಿದ್ದು ಬಂತು. ಒಂದು ವಾರ ಆದ ಮೇಲೆ ‘ತಲುಪಿದೆ’ ಅಂತ ಬರೆದರೆ ಎಲ್ಲಿಂದ ನಡೆದುಕೊಂಡು ಹೋದಳು ಅಂದುಕೊಂಡಾನು. ಆರನೆಯವನು ನನಗೆ ಮಾಡಿದ್ದನ್ನು ಎಂಟನೆಯವನಿಗೆ ನಾನು ಮಾಡಿದೆ. ಮಾಡುವಾಗ ಏನೂ ಅನಿಸಲಿಲ್ಲ, ಅದೇ ವಿಚಿತ್ರ. ಸುಮ್ನೆ ಸೋಮಾರಿತನ ಅಂತಷ್ಟೇ ಅನಿಸಿತು. ಹಾಗಾದರೆ ಆ ‘ಟೈಪಿಂಗ್’ ಮಹಾಶಯನಿಗೂ ಅಷ್ಟೇ ಅನಿಸಿರಬಹುದಾ? ನಾನು ಎರಡು ತಿಂಗಳು ಹುಡುಕಿದ ಆ ದೊಡ್ಡ ಕಾರಣ, ಸುಮ್ನೆ ಸೋಮಾರಿತನವಾ?

ಇಂಥ ಹೊತ್ತಿನಲ್ಲೇ ನನಗೆ ಸಿಕ್ಕವನು ಯೊಹಾನೆಸ್ ಕೆಪ್ಲರ್. ಗ್ರಹಗಳು ಸೂರ್ಯನನ್ನು ಸುತ್ತೋದು ವೃತ್ತದಲ್ಲಲ್ಲ, ಸ್ವಲ್ಪ ಚಪ್ಪಟೆಯಾದ ದೀರ್ಘವೃತ್ತದಲ್ಲಿ ಅಂತ ಕಂಡುಹಿಡಿದ ಪುಣ್ಯಾತ್ಮ. 1611ರಲ್ಲಿ ಅವನ ಮೊದಲ ಹೆಂಡತಿ ತೀರಿಕೊಂಡಳು. ಆಮೇಲಿನ ಎರಡು ವರ್ಷ ಎರಡನೇ ಮದುವೆಗೆ ಹೆಣ್ಣು ಹುಡುಕಿದ. ಎಷ್ಟು ಜನ ಗೊತ್ತಾ? ಹನ್ನೊಂದು. ಅದೂ ಎರಡೇ ವರ್ಷದಲ್ಲಿ, ನನ್ನ ಹಾಗೆ. 1613ರಲ್ಲಿ ಬರೆದ ಒಂದು ಉದ್ದ ಪತ್ರದಲ್ಲಿ ನಂಬರ್ ಹಾಕಿ ಒಬ್ಬೊಬ್ಬರ ಗುಣದೋಷವನ್ನೂ ತೂಗಿದ್ದಾನೆ. ಮೊದಲನೆಯವಳ ಬಾಯಿವಾಸನೆಯ ವಿಷಯವನ್ನೂ ಬಿಟ್ಟಿಲ್ಲ. ಇದನ್ನು ಓದಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಆಕಾಶ ಅಳೆದವನೇ ‘ಕರೆಂಟ್ ಬಿಲ್’ ಇಟ್ಟುಕೊಂಡಿದ್ದ! ಕೊನೆಗೆ ಅವನು ಹನ್ನೊಂದೂ ಮುಗಿಸಿ, ವಾಪಸ್ ಹೋಗಿ ಮದುವೆಯಾಗಿದ್ದು ಐದನೆಯವಳನ್ನು, ಸುಸಾನಾ ರಾಯ್ಟಿಂಗರ್.

ಇದಕ್ಕೂ ಒಂದು ಲೆಕ್ಕ ಇದೆ. ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಬರುತ್ತಾರೆ, ಬೇಡ ಅಂದವರನ್ನು ಮತ್ತೆ ಕರೆಯುವ ಹಾಗಿಲ್ಲ ಅಂತಿಟ್ಟುಕೊಳ್ಳಿ. ಆಗ ಮೊದಲ 37 ಶೇಕಡ ಜನರನ್ನು ಸುಮ್ಮನೆ ನೋಡಿ ಕಳಿಸಬೇಕು. ಆಮೇಲೆ ಬರುವವರಲ್ಲಿ, ಇದುವರೆಗೆ ನೋಡಿದ ಎಲ್ಲರಿಗಿಂತ ಮೇಲು ಅನಿಸಿದ ಮೊದಲನೆಯವರನ್ನು ಹಿಡಿದುಕೊಳ್ಳಬೇಕು. ಎಲ್ಲರಿಗಿಂತ ಒಳ್ಳೆಯವರು ಸಿಗುವ ಸಾಧ್ಯತೆ ಹೀಗೆ ಮಾಡಿದರೇ ಜಾಸ್ತಿ. ಹಾಗೆ ಮಾಡಿದರೂ ಆ ಸಾಧ್ಯತೆ ಸುಮಾರು 37 ಶೇಕಡವೇ, ಅದು ಬೇರೆ ಮಾತು. ಹನ್ನೊಂದರಲ್ಲಿ 37 ಶೇಕಡ ಅಂದರೆ ನಾಲ್ಕು. ಅಂದರೆ ಐದನೆಯವನು ಮೊದಲ ನಾಲ್ವರಿಗಿಂತ ಮೇಲಾಗಿದ್ದರೆ ಕಣ್ಣುಮುಚ್ಚಿ ಹೂಂ ಅನ್ನಬೇಕಿತ್ತು. ಮೇಲಾಗಿದ್ದ. ನಾನು ಅವನನ್ನು ಅವನ ಹಳೆಯ ಗೆಳತಿಯ ಮನೆಗೆ ಕಳಿಸಿ, ಮದುವೆಯಲ್ಲಿ ಅಕ್ಷತೆ ಹಾಕಿ ಬಂದಿದ್ದೆ.

ಕೆಪ್ಲರ್‌ನ ಪಟ್ಟಿ ಓದಿ ನಕ್ಕಿದ್ದು ಮೊದಲ ಸಲ. ಎರಡನೇ ಸಲ ಓದುವಾಗ ಆ ಮೊದಲನೆಯವಳು ಮನಸ್ಸಿನಲ್ಲಿ ಕೂತುಬಿಟ್ಟಳು. ನಾನೂರು ವರ್ಷ ಆದರೂ ಅವಳ ಬಗ್ಗೆ ನನ್ನ ತಲೆಯಲ್ಲಿ ಉಳಿದಿರೋದು ಬಾಯಿವಾಸನೆ ಒಂದೇ. ಅವಳೂ ಸಂಜೆ ಮನೆಗೆ ಹೋಗಿ ತಂಗಿಯ ಹತ್ತಿರ, ‘ಬಂದಿದ್ದ ಕಣೇ ಒಬ್ಬ, ಮಾತೆತ್ತಿದರೆ ಮಂಗಳ ಗ್ರಹ’ ಅಂದಿರಬೇಕಲ್ವಾ? ಆ ಹನ್ನೊಂದು ಹೆಂಗಸರ ಪಟ್ಟಿಯಲ್ಲಿ ಕೆಪ್ಲರ್‌ಗೆ ಎಷ್ಟನೇ ನಂಬರ್? ಅವತ್ತು ರಾತ್ರಿ ನನ್ನ ನೋಟ್ ತೆಗೆದು ನೋಡಿದೆ. ಹತ್ತು ಗಂಡಸರು, ಹತ್ತು ಫೋನು. ಅವುಗಳಲ್ಲಿ ಎಲ್ಲೋ ನಾನೂ ಒಂದು ಅಡ್ಡಹೆಸರಾಗಿ ಇದ್ದೇನೆ. ಯಾವುದು ಅಂತ ಊಹಿಸೋಕೆ ಧೈರ್ಯ ಬರಲಿಲ್ಲ. ಎಂಟನೆಯವನ ಫೋನಿನಲ್ಲಿ ಏನಿದೆ ಅಂತ ಮಾತ್ರ ಊಹಿಸಬಲ್ಲೆ. ‘ಇನ್ನೂ ತಲುಪಿಲ್ಲ’.

ಹನ್ನೊಂದನೆಯ ಡೇಟಿಗೆ ಹೋಗಿದ್ದು ಇದರ ಮುಂದಿನ ವಾರ. ಮಾತು ಶುರು ಮಾಡಿದ್ದು ನಾನೇ, ಅದೇ ಹಳೆಯ ಪುಸ್ತಕದ ಸಂದೇಶದಿಂದ. ಅವನು ಪುಸ್ತಕದ ಹೆಸರು, ಎಷ್ಟು ಪುಟ ಓದಿದ್ದೇನೆ, ಯಾಕೆ ನಿಲ್ಲಿಸಿದೆ ಎಲ್ಲ ಬರೆದಿದ್ದ. ಎದುರು ಕೂತಾಗ ಮಾತ್ರ ಇಬ್ಬರೂ ಸ್ವಲ್ಪ ಬಿಗಿಯಾಗಿದ್ದೆವು. ಅವನು ಸಕ್ಕರೆಯ ಪೊಟ್ಟಣವನ್ನು ಮಡಚಿ ಮಡಚಿ ಚಿಕ್ಕದು ಮಾಡುತ್ತಿದ್ದ. ಮೂವತ್ತೆಂಟನೇ ನಿಮಿಷಕ್ಕೆ ಅವನ ಫೋನ್ ಹೊಡೆದುಕೊಂಡಿತು. ಎತ್ತಿದ, ಕೇಳಿಸಿಕೊಂಡ, ಮುಖ ಸಪ್ಪಗೆ ಮಾಡಿಕೊಂಡ.

“ಮನೆಯಲ್ಲಿ ನಾಯಿಗೆ ಹುಷಾರಿಲ್ಲವಂತೆ” ಅಂದ.

ಅವನ ಪ್ರೊಫೈಲ್ ನನಗೆ ಬಾಯಿಪಾಠ ಬರುತ್ತಿತ್ತು. ನಾಯಿ ಕಂಡರೆ ಭಯ ಅಂತ ಅದರ ಎರಡನೇ ಸಾಲಿನಲ್ಲೇ ಇದೆ. ನಾನು ಅವನ ಮುಖ ನೋಡಿದೆ. ನಗು ತಡೆದುಕೊಳ್ಳೋಕೆ ನೀರಿನ ಲೋಟ ಬಾಯಿಗಿಟ್ಟೆ. ಅಷ್ಟರಲ್ಲಿ ಮೇಜಿನ ಮೇಲೆ ನನ್ನ ಫೋನ್ ಕುಣಿಯೋಕೆ ಶುರುವಾಯಿತು. ಗೆಳತಿಯ ಧ್ವನಿ ಯಾವತ್ತೂ ಜೋರು, ಪಕ್ಕದ ಮೇಜಿಗೂ ಕೇಳಿಸುತ್ತದೆ.

“ಯಾರಿಗೆ ಹುಷಾರಿಲ್ಲ?” ಅಂತ ಅವನು ಕೇಳಿದ.

“ನಲ್ಲಿಗೆ” ಅಂದೆ.

ಆಮೇಲೆ ನಕ್ಕ ನಗುವಿಗೆ ಲೆಕ್ಕ ಇಲ್ಲ. ಅವನಿಗೆ ಫೋನ್ ಮಾಡಿದ್ದು ಅವನ ಅಕ್ಕನಂತೆ. ಅಕ್ಕ ಇನ್ನೂ ಲೈನಿನಲ್ಲೇ ಇದ್ದರು, ಏನಾಯ್ತೋ ಏನಾಯ್ತೋ ಅಂತ ಕೂಗುತ್ತಿದ್ದರು. ನಾಯಿ ಸರಿ ಹೋಯ್ತು ಅಂತ ಹೇಳಿ ಇಟ್ಟ. ಕಣ್ಣು ಒರೆಸಿಕೊಂಡ ಮೇಲೆ ನಾನು ಕೇಳಬಾರದ್ದನ್ನು ಕೇಳಿದೆ. ನಿಮ್ಮ ಫೋನಿನಲ್ಲಿ ನನ್ನ ಹೆಸರು ಏನಂತ ಇದೆ? ಅವನು ಹೇಳೋಕೆ ಒಪ್ಪಲಿಲ್ಲ. ನಾನು ನನ್ನ ಫೋನ್ ಎತ್ತಿ ಅಲ್ಲೇ ಅವನಿಗೆ ಕರೆ ಮಾಡಿದೆ. ಅವನ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೊಳೆಯಿತು: ನೋಟಿಸ್.

“ನಿಮ್ಮ ಮೊದಲ ಸಂದೇಶ ಬಂದಾಗ ಬ್ಯಾಂಕಿನಿಂದ ಅಂದುಕೊಂಡೆ” ಅಂದ.

ಇಷ್ಟಾಗಿ ಮೂರು ವಾರ ಆಯಿತು. ಅವತ್ತು ಮನೆಗೆ ಬಂದವಳು ಎಂಟನೆಯವನಿಗೆ ಒಂದು ಸಂದೇಶ ಕಳಿಸಿದೆ, ತಲುಪಿದೆ ಅಂತಲೂ, ಉತ್ತರ ಕೊಡದ್ದಕ್ಕೆ ತಪ್ಪಾಯಿತು ಅಂತಲೂ. ಅವನು ಹೆಬ್ಬೆಟ್ಟು ಎತ್ತಿ ತೋರಿಸುವ ಚಿತ್ರ ಒಂದನ್ನು ಕಳಿಸಿದ. ಅದಕ್ಕೆ ಏನು ಅರ್ಥ ಅಂತ ನಾನೂ ಗೆಳತಿಯೂ ಒಂದು ಸಂಜೆ ಪೂರ್ತಿ ಚರ್ಚೆ ಮಾಡಿದೆವು.

ಪಟ್ಟಿಯಲ್ಲಿ ಹನ್ನೊಂದರ ಮುಂದೆ ಇನ್ನೂ ಏನೂ ಬರೆದಿಲ್ಲ. ಮೊನ್ನೆ ಮೂರನೇ ಸಲ ಹೊರಡುವಾಗ ಗೆಳತಿ ಕೇಳಿದಳು, ನಲವತ್ತು ನಿಮಿಷಕ್ಕೆ ಫೋನ್ ಮಾಡ್ಲಾ ಬೇಡ್ವಾ? ಮಾಡು ಅಂದೆ. ಮಾಡಿದಳು.

“ನಲ್ಲಿ ಹೇಗಿದೆ?”

“ಸೋರ್ತಾ ಇದೆ ಕಣೇ” ಅಂದೆ, ಎದುರು ಕೂತವನಿಗೂ ಕೇಳಿಸುವ ಹಾಗೆ.